ಸರ್ಕಾರಿ ಪಾರ್ಕುಗಳಲ್ಲಿ ಲಾಭರಹಿತ ಸಂಸ್ಥೆಗಳಿಗೆ ಏನು ಕೆಲಸ?

ಜಾಗ ಸರ್ಕಾರದ್ದೇ, ನಿಯಮ ಮಾಡುವ ಅಧಿಕಾರವೂ ಅದರದೇ. ಸಂಸ್ಥೆ ಲಿಖಿತ ಒಪ್ಪಂದದ ಮೇಲೆ ಹಣ, ಜನ, ಪರಿಣತಿ ತರುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಶುರುವಾಗಿದ್ದು 1980ರಲ್ಲಿ. ಇವತ್ತು ಆ ಪಾರ್ಕಿನ ದಿನನಿತ್ಯದ ನಿರ್ವಹಣೆ ಅದರ ಕೈಯಲ್ಲಿದೆ, ಖರ್ಚಿನ ಬಹುಪಾಲನ್ನೂ ಅದೇ ಹೊಂದಿಸುತ್ತದೆ.

ನನ್ನ ಪ್ರಕಾರ ಹೆಚ್ಚು ಫಲ ಕೊಡುವುದು ಕಾಲುದಾರಿಯ ಕೆಲಸ. ದಾರಿಯಲ್ಲಿ ನೀರು ನಿಂತರೆ ಜನ ಕೆಸರು ತಪ್ಪಿಸಲು ಪಕ್ಕದ ಗಿಡ ತುಳಿಯುತ್ತಾರೆ, ದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಅದಕ್ಕೇ ಸ್ವಯಂಸೇವಕರು ದಾರಿಯನ್ನು ಇಳಿಜಾರಿನ ಕಡೆಗೆ ಸುಮಾರು ಶೇ 5ರಷ್ಟು, ಅಂದರೆ ಮೀಟರ್ ಅಗಲಕ್ಕೆ 5 ಸೆಂ.ಮೀ. ಓರೆ ಮಾಡುತ್ತಾರೆ. ಹೊರ ಅಂಚಿನಲ್ಲಿ ಕಟ್ಟಿಕೊಂಡ ಮಣ್ಣಿನ ದಿಬ್ಬವನ್ನೂ ಕೆತ್ತಿ ತೆಗೆಯಬೇಕು. ಅದು ಉಳಿದರೆ ಓರೆ ಮಾಡಿಯೂ ಪ್ರಯೋಜನವಿಲ್ಲ: ನೀರು ದಾರಿಯುದ್ದಕ್ಕೂ ಹರಿದು ಕೊರಕಲು ಬೀಳುತ್ತದೆ.

ಗಾಲಿಕುರ್ಚಿಯ ದಾರಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅಡ್ಡ ಓರೆ ಶೇ 2 ದಾಟಿದರೆ ಕುರ್ಚಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಾಗಾಗಿ ಅಲ್ಲಿ ಗಟ್ಟಿ ಮೇಲ್ಮೈ ಹಾಕಿ, ನೀರಿಗೆ ಬೇರೆ ಚರಂಡಿ ಕೊಡಬೇಕು. ಏರು 20 ಮೀಟರಿಗೆ 1 ಮೀಟರ್ ಮೀರದಿದ್ದರೆ ಒಳ್ಳೆಯದು.

ಕಳೆಗಿಡಗಳನ್ನು ಬೀಜ ಕಟ್ಟುವ ಮೊದಲೇ ಬೇರುಸಹಿತ ಕೀಳಬೇಕು. ಮಣ್ಣಲ್ಲಿ ಹಳೆಯ ಬೀಜ ಇರುವುದರಿಂದ ಒಂದು ವರ್ಷಕ್ಕೆ ಮುಗಿಯುವುದಿಲ್ಲ.

ಎಡವುವುದು ಹಣದಲ್ಲಿ. ದಾನಿಗಳು ಹೊಸ ಸೇತುವೆಗೆ ಸಂತೋಷದಿಂದ ಕೊಡುತ್ತಾರೆ, ಅದರ ಹಲಗೆ ಬದಲಿಸಲು ಕೊಡುವವರು ಕಡಿಮೆ. ಹಾಗಾಗಿ ನಿರ್ವಹಣೆಗೆ ಮೀಸಲು ನಿಧಿ ಇಡದೆ ಕಟ್ಟಲು ಕೈ ಹಾಕಬಾರದು. ದೇಣಿಗೆ ಬಂತೆಂದು ಸರ್ಕಾರ ತನ್ನ ಅನುದಾನ ಕಡಿತ ಮಾಡುವಂತಿಲ್ಲ ಎಂಬುದನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ.