ಚಿಕ್ಕವನ ಕೋಪ ತಾತನದಾ, ಮನೆಯದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ, ರೇಷ್ಮೆ ಬೆಳೆಯುತ್ತೇವೆ. ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ 12, ಬಾಯಿ ಬಿಟ್ಟು ಮಾತಾಡೋದೇ ಕಷ್ಟ. ಚಿಕ್ಕವನಿಗೆ 9, ಮೂಗಿನ ತುದೀಲೇ ಕೋಪ. ಮೊನ್ನೆ ಮುದ್ದೆ ತಟ್ಟೆಯನ್ನೇ ಎಸೆದ. ತೀರಿಹೋದ ಮಾವನವರೂ ಹೀಗೇ ಇದ್ದರಂತೆ. "ರಕ್ತ ಎಲ್ಲಿ ಹೋಗುತ್ತೆ, ಥೇಟ್ ತಾತನೇ" ಅಂತಾರೆ ಅತ್ತೆ. ಹಾಸ್ಟೆಲ್‌ಗೆ ಹಾಕಿದರೆ ಸರಿಹೋಗ್ತಾನೆ ಅಂತಾರೆ ಯಜಮಾನರು. ಯಾರ ಮಾತು ಕೇಳಲಿ?

ಉತ್ತರ: ಅತ್ತೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಸ್ವಭಾವದಲ್ಲಿ ಹುಟ್ಟಿನಿಂದ ಬರುವ ಪಾಲು ಇದ್ದೇ ಇದೆ. ಅವಳಿಗಳನ್ನು ಹೋಲಿಸಿ ಮಾಡಿದ ಐವತ್ತು ವರ್ಷಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟಿಗೆ ಹಾಕಿ ನೋಡಿದರು. ದೇಹ, ಮನಸ್ಸು ಎರಡರ ಗುಣಗಳನ್ನೂ ಸೇರಿಸಿದಾಗ ವಂಶವಾಹಿಯ ಪಾಲು ಸರಾಸರಿ 49 ಪರ್ಸೆಂಟ್ ಬಂತು. ಹಾಗಂತ ನಿಮ್ಮ ಮಗನ ಕೋಪದಲ್ಲಿ ಅರ್ಧ ತಾತನದು, ಅರ್ಧ ಮನೆಯದು ಅಂತಲ್ಲ. ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಎಷ್ಟು ಅನ್ನೋ ಲೆಕ್ಕ ಅದು. ಒಬ್ಬ ಹುಡುಗನನ್ನು ಹಾಗೆ ತೂಗೋಕಾಗಲ್ಲ. ಕೋಪವನ್ನು ಯಾವುದೋ ಒಂದೇ ಜೀನ್ ತೀರ್ಮಾನ ಮಾಡೋದೂ ಇಲ್ಲ.

ಅಂದಹಾಗೆ, ತಾತನಿಂದ ಮೊಮ್ಮಗನಿಗೆ ಬರೋದು ಮಧ್ಯೆ ಒಬ್ಬರನ್ನು ದಾಟಿಯೇ ಬರಬೇಕು. ಯಜಮಾನರು ಹೇಗೆ ಅಂತ ನೀವು ಬರೆದೇ ಇಲ್ಲ!

ಹುಳು ಸಾಕುವವರಿಗೆ ಇದನ್ನು ನಾನು ಹೇಳಿಕೊಡಬೇಕಾ? ಮರಿಹುಳು ಸಾಕಿ ಕೊಡುವ ಒಂದೇ ಚಾಕಿ ಮನೆಯಿಂದ ನೀವೂ ಹುಳು ತರುತ್ತೀರಿ, ಪಕ್ಕದವರೂ ತರುತ್ತಾರೆ. ಒದ್ದೆ ಸೊಪ್ಪು ಹಾಕಿ, ಗಾಳಿ ಆಡದ ಹಾಗೆ ಬಿಟ್ಟವರ ಗೂಡು ತೆಳ್ಳಗಾಗುತ್ತೆ. ಹಾಗಂತ ಎಷ್ಟೇ ಒಳ್ಳೆ ಸೊಪ್ಪು ಹಾಕಿದರೂ ಸಿ.ಬಿ. (ಮಿಶ್ರತಳಿ) ಹುಳು ಬೈವೋಲ್ಟಿನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡು ಕಟ್ಟಲ್ಲ, ಅಲ್ವಾ? ಇದಕ್ಕಿಂತ ಸೋಜಿಗದ್ದು ಇನ್ನೊಂದಿದೆ. ಬೈವೋಲ್ಟಿನ್ ಮೊಟ್ಟೆಗೆ 25 ಡಿಗ್ರಿ ಕಾವು ಕೊಟ್ಟರೆ, ಅದರಿಂದ ಬೆಳೆದ ಚಿಟ್ಟೆ ತಿಂಗಳುಗಟ್ಟಲೆ ಮಲಗುವ ಮೊಟ್ಟೆ ಇಡುತ್ತೆ. 15 ಡಿಗ್ರಿ ತಂಪಿನ ಕತ್ತಲಲ್ಲಿ ಇಟ್ಟಿದ್ದರೆ ಅದೇ ತಳಿಯ ಚಿಟ್ಟೆ ಬೇಗ ಮರಿಯಾಗುವ ಮೊಟ್ಟೆ ಇಡುತ್ತೆ. ಎರಡೂ ದಾರಿ ತಳಿಯೊಳಗೇ ಇತ್ತು, ಯಾವುದು ಅಂತ ಹವಾ ತೀರ್ಮಾನ ಮಾಡಿತು.

ಮಕ್ಕಳ ವಿಷಯ ಇನ್ನೂ ಸಿಕ್ಕುಸಿಕ್ಕು. ಹುಳು ಹಾಕಿದ ಸೊಪ್ಪು ತಿನ್ನುತ್ತೆ, ಮಗು ತನ್ನ ಸುತ್ತಲಿನವರನ್ನೇ ಬದಲಾಯಿಸುತ್ತೆ. ಚಿಕ್ಕವನು ಕೂಗುತ್ತಾನೆ, ನೀವು ಅದಕ್ಕಿಂತ ಜೋರಾಗಿ ಕೂಗುತ್ತೀರಿ, ಅವನು ಇನ್ನೊಂದು ಮೆಟ್ಟಿಲು ಹತ್ತುತ್ತಾನೆ. ದೊಡ್ಡವನು ಮಾತಾಡಲ್ಲ ಅಂತ ಅಂಗಡಿಗೆ ಕಳಿಸೋದು ಚಿಕ್ಕವನನ್ನೇ, ನೆಂಟರು ಏನಾದರೂ ಕೇಳಿದರೆ ಉತ್ತರ ಕೊಡೋದು ನೀವೇ, ಹಾಗಾಗಿ ಪಾಪ ಅವನಿಗೆ ಮಾತಾಡಿ ಅಭ್ಯಾಸ ಆಗೋ ಜಾಗವೇ ಉಳಿಯಲ್ಲ. ಅಣ್ಣತಮ್ಮಂದಿರಿಗೆ ವಂಶದಿಂದ ಬಂದಿದ್ದು ಸರಾಸರಿ ಅರ್ಧ ಮಾತ್ರ ಒಂದೇ. ಸೂರು ಒಂದೇ ಆದರೂ ಇಬ್ಬರೂ ಕಂಡ ಮನೆ ಒಂದೇ ಅಲ್ಲ.

ತಟ್ಟೆ ಎಸೆಯೋ ಮುಂಚೆ ಏನಾಗಿತ್ತು? ಎರಡು ಬೆಳೆ ಮುಗಿಯೋವರೆಗೆ ಕ್ಯಾಲೆಂಡರ್ ಮೇಲೇ ಗುರುತು ಹಾಕಿ: ಎಷ್ಟು ಹೊತ್ತಿಗೆ ಸಿಟ್ಟು ಬಂತು, ಹಸಿದಿದ್ದನಾ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಯಾರು ಏನಂದರು. ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದ ಮೇಲಿನ ವಾರದಲ್ಲೇ ಸಿಟ್ಟು ಜಾಸ್ತಿನಾ ಅಂತ ನೋಡಿ. ಆಗ ಮನೆಮಂದಿಯೆಲ್ಲ ಹುಳುವಿನ ಮನೇಲೇ ಇರ್ತೀರಿ, ಮಕ್ಕಳ ಊಟ ಒಂಬತ್ತೂವರೆ ದಾಟಿರುತ್ತೆ. ಹಾಗಿದ್ದರೆ ಏಳಕ್ಕೇ ಊಟ ಕೊಟ್ಟು ನೋಡಿ.

"ಥೇಟ್ ತಾತ" ಅನ್ನೋದು ಮಾತ್ರ ಇವತ್ತೇ ನಿಲ್ಲಲಿ. ಒಂಬತ್ತು ವರ್ಷದ ಹುಡುಗನಿಗೆ ಅದು ಬೈಗುಳ ಅಲ್ಲ, ಬಿರುದು. ಅವನು ಕೋಪ ನುಂಗಿಕೊಂಡ ದಿನ ಅತ್ತೆಯವರೇ ಅದನ್ನು ಎಲ್ಲರ ಮುಂದೆ ಹೇಳಲಿ.

ಹಾಸ್ಟೆಲ್ ಈಗ ಬೇಡ. ಅಲ್ಲಿಗೂ ಅವನು ಅದೇ ಸಿಟ್ಟನ್ನೇ ಹೊತ್ತುಕೊಂಡು ಹೋಗೋದು, ಸಮಾಧಾನ ಮಾಡೋಕೆ ಅಲ್ಲಿ ಅಮ್ಮ ಇರಲ್ಲ. ತನಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳೋ ಮಟ್ಟಕ್ಕೆ ಹೋದರೆ, ನಿದ್ದೆ, ಸ್ಕೂಲು ಕೆಟ್ಟರೆ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನೀವು ಬರೆದಿದ್ದು ನೋಡಿದರೆ ದೊಡ್ಡವನದು ಕಾಯಿಲೆ ಅಲ್ಲ, ಸಂಕೋಚ ಅನ್ಸುತ್ತೆ. ಮುಂದಿನ ಸಲ ಅಪ್ಪನ ಜೊತೆ ಗೂಡಿನ ಮಾರ್ಕೆಟ್‌ಗೆ ಕಳಿಸಿ. ತೂಕದ ಚೀಟಿ ಅವನ ಕೈಲಿರಲಿ, ಎಷ್ಟಾಯಿತು ಅಂತ ಮನೆಗೆ ಬಂದು ಅವನೇ ಹೇಳಲಿ.