ಬಾಣಂತಿಯ ಎದೆಯಲ್ಲಿ ಕೀವು: ಸೂಜಿ ಸಾಕೇ, ಕೊಯ್ಯಲೇಬೇಕೇ?

ಪ್ರಶ್ನೆ: ನನ್ನ ಮಗಳಿಗೆ ಚೊಚ್ಚಲ ಹೆರಿಗೆಯಾಗಿ ಐದು ವಾರವಾಗಿದೆ. ಎಡ ಎದೆಯಲ್ಲಿ ಹಾಲು ಕಟ್ಟಿ, ಕೆಂಪಾಗಿ ಬಾತು, ಚಳಿಜ್ವರ ಬಂತು. ಆಂಟಿಬಯೋಟಿಕ್ ಮಾತ್ರೆಯಿಂದ ಜ್ವರ ಇಳಿದರೂ ಗಡ್ಡೆ ಉಳಿದಿದೆ. ಸ್ಕ್ಯಾನಿಂಗ್‌ನಲ್ಲಿ ಸುಮಾರು 4 ಸೆಂ.ಮೀ. ಅಗಲಕ್ಕೆ ಕೀವು ತುಂಬಿದೆ ಎಂದು ಬಂದಿದೆ. ಒಬ್ಬ ವೈದ್ಯರು ಅರಿವಳಿಕೆ ಕೊಟ್ಟು ಕೊಯ್ಯಬೇಕು ಎನ್ನುತ್ತಾರೆ, ಇನ್ನೊಬ್ಬರು ಸೂಜಿಯಲ್ಲಿ ಎಳೆದರೆ ಸಾಕು ಎನ್ನುತ್ತಾರೆ. ಮಗುವಿಗೆ ಹಾಲು ಬಿಡಿಸಬೇಕೇ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಮುಂದೂಡುವಂತಿಲ್ಲ. ಹಾಲು ಬಿಡಿಸಬೇಡಿ. ದಿಢೀರನೆ ನಿಲ್ಲಿಸಿದರೆ ಹಾಲು ಮತ್ತಷ್ಟು ಕಟ್ಟಿಕೊಂಡು ಬಾವು ಹೆಚ್ಚುತ್ತದೆ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಆ ಎದೆಯ ಹಾಲಿನಿಂದ ಸಾಮಾನ್ಯವಾಗಿ ತೊಂದರೆಯಾಗದು. ಗಾಯವು ಮಗುವಿನ ಬಾಯಿ ತಾಗುವಷ್ಟು ತೊಟ್ಟಿಗೆ ಹತ್ತಿರವಿದ್ದರೆ ಮಾತ್ರ, ಆ ಕಡೆಯ ಹಾಲನ್ನು ಕೆಲವು ದಿನ ಕೈಯಿಂದ ಹಿಂಡಿ ತೆಗೆದು, ಇನ್ನೊಂದು ಕಡೆ ಕುಡಿಸಲಿ. ಗಡ್ಡೆ ಕರಗಲೆಂದು ಎಣ್ಣೆ ಹಚ್ಚಿ ಬಲವಾಗಿ ನೀವುವ ರೂಢಿಯನ್ನು ದಯವಿಟ್ಟು ಕೈಬಿಡಿ. ಅದರಿಂದ ಒಳಗಿನ ಅಂಗಾಂಶಕ್ಕೆ ಪೆಟ್ಟಾಗಿ ಊತ ಏರುತ್ತದೆ. ತಣ್ಣೀರಿನ ಬಟ್ಟೆ ಇಡುವುದು ಹೆಚ್ಚು ಹಿತ.

ಈ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಚರ್ಮದ ಮೇಲೂ ಮೂಗಿನಲ್ಲೂ ಇರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಕೀವಿನ ಗೂಡಿನೊಳಗೆ ರಕ್ತ ಸಂಚಾರವಿಲ್ಲದ ಕಾರಣ ಮಾತ್ರೆಯ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ಕೀವು ಹೊರಬರಲೇಬೇಕು ಎಂಬುದರಲ್ಲಿ ಇಬ್ಬರು ವೈದ್ಯರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ರಶ್ನೆ ಇರುವುದು ದಾರಿಯ ಬಗ್ಗೆ ಮಾತ್ರ.

ನೀವು ಬರೆದಿರುವ ಅಳತೆಯ ಗಡ್ಡೆಗೆ, ಮೇಲಿನ ಚರ್ಮ ಇನ್ನೂ ಆರೋಗ್ಯವಾಗಿದ್ದರೆ, ಸೂಜಿಯೇ ಮೊದಲ ಆಯ್ಕೆಯಾಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಚರ್ಮಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನಿಂಗ್ ಪರದೆಯನ್ನು ನೋಡುತ್ತಲೇ, ತೆಳುವಾದ ಜಾಗವನ್ನು ತಪ್ಪಿಸಿ ಪಕ್ಕದ ಆರೋಗ್ಯವಂತ ಚರ್ಮದ ಮೂಲಕ ದಪ್ಪ ಸೂಜಿಯನ್ನು ಗೂಡಿಗೆ ಇಳಿಸುತ್ತಾರೆ. ಕೀವು ಮಂದವಾಗಿದ್ದು ಬಾರದಿದ್ದರೆ ಸಲೈನ್ ಬಿಟ್ಟು ತೆಳುವಾಗಿಸಿ ಮತ್ತೆ ಎಳೆಯುತ್ತಾರೆ. ಪರದೆಯ ಮೇಲೆ ಕಪ್ಪಗೆ ಕಾಣುತ್ತಿದ್ದ ಗೂಡು ಕುಗ್ಗಿ, ಅದರ ಗೋಡೆಗಳು ಒಂದಕ್ಕೊಂದು ತಾಗಿದರೆ ಅಂದಿನ ಕೆಲಸ ಮುಗಿಯಿತು. ಮಗಳು ಅಂದೇ ಮನೆಗೆ ಬಂದು ಮಗುವಿಗೆ ಹಾಲೂಡಿಸಬಹುದು. ಆದರೆ ಒಂದೇ ಸಲಕ್ಕೆ ಮುಗಿಯುತ್ತದೆಂದು ಎಣಿಸಬೇಡಿ. ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ, ಕೀವು ತುಂಬಿದ್ದರೆ ಮತ್ತೆ ತೆಗೆಯಬೇಕಾಗುತ್ತದೆ. ಹೀಗೆ ಮರಳಿ ಹೋಗಲು ಸಾಧ್ಯವಿಲ್ಲದ ದೂರದ ಊರಿನವರಿಗೆ ಈ ವಿಧಾನ ಕಷ್ಟ ಎಂಬುದನ್ನೂ ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಿ. ತೆಗೆದ ಕೀವನ್ನು ಕಲ್ಚರ್ ಪರೀಕ್ಷೆಗೆ (ಯಾವ ರೋಗಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡುವ ಪರೀಕ್ಷೆ) ಕಳುಹಿಸಲು ಮರೆಯದೆ ಕೇಳಿ, ಏಕೆಂದರೆ ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗದ ಸೋಂಕಿದ್ದರೆ ಔಷಧ ಬದಲಿಸಬೇಕಾಗುತ್ತದೆ. ಗೂಡು ದೊಡ್ಡದಿದ್ದರೆ ಸಣ್ಣ ನಳಿಕೆಯೊಂದನ್ನು ಕೆಲವು ದಿನ ಒಳಗೇ ಬಿಡುವುದೂ ಉಂಟು.

ಚರ್ಮ ಹೊಳಪಾಗಿ ತೆಳುವಾಗಿದ್ದರೆ, ಕಪ್ಪಾಗಿದ್ದರೆ, ಒಡೆಯುವ ಹಂತದಲ್ಲಿದ್ದರೆ, ಅಥವಾ ಹಲವು ಸಲ ಎಳೆದರೂ ಕೀವು ತುಂಬುತ್ತಲೇ ಇದ್ದರೆ ಕೊಯ್ಯುವುದೇ ಸರಿ. ಆಗ ಕಲೆ ಉಳಿಯುತ್ತದೆ, ಗಾಯಕ್ಕೆ ನಿತ್ಯ ಡ್ರೆಸ್ಸಿಂಗ್ ಬೇಕಾಗುತ್ತದೆ, ಕೆಲವರಿಗೆ ಗಾಯದಿಂದಲೇ ಹಾಲು ಸೋರುವುದುಂಟು. ಮೊದಲ ದಿನವೇ ಕತ್ತಿ ಹಿಡಿಯಬಾರದು ಎನ್ನುವುದು ಇದಕ್ಕಾಗಿಯೇ.

ಇನ್ನೊಂದು ಎಚ್ಚರ. ಕೀವು ಹೋದ ಮೇಲೂ ಗಡ್ಡೆ ಕರಗದಿದ್ದರೆ ಬಯಾಪ್ಸಿ, ಅಂದರೆ ಗಡ್ಡೆಯ ಸಣ್ಣ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಿಸಲೇಬೇಕು. ಅಪರೂಪಕ್ಕೆ ಕ್ಯಾನ್ಸರ್ ಕೂಡ ಬಾವಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಸ್ತನದ ಕ್ಷಯವನ್ನೂ ಮರೆಯುವಂತಿಲ್ಲ. ಹೆರಿಗೆಯಾಗಿ ಕೆಲವು ವರ್ಷಗಳ ನಂತರ ಬರುವ ಗ್ರ್ಯಾನುಲೋಮಾಟಸ್ ಮಾಸ್ಟೈಟಿಸ್ ಎಂಬ ಉರಿಯೂತದಲ್ಲಂತೂ ಕೊಯ್ದ ಗಾಯ ತಿಂಗಳುಗಟ್ಟಲೆ ಮಾಯದೆ ಸೋರುತ್ತಿರಬಹುದು. ಅದಕ್ಕೆ ಸ್ಟಿರಾಯ್ಡ್ ಕೊಡುವುದುಂಟು, ಆದರೆ ಕ್ಷಯ ಇಲ್ಲವೆಂದು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ನಂತರವೇ.

ಸದ್ಯಕ್ಕೆ ನಿಮ್ಮ ಮಗಳಿಗೆ ಜ್ವರ ಮರುಕಳಿಸಿದರೆ, ಕೆಂಪು ಹರಡುತ್ತಾ ಹೋದರೆ ಅಥವಾ ತೀರಾ ಸುಸ್ತಾದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.