ಬ್ರಿಡ್ಜ್‌ಗೆ ಕಾರ್ಡ್ ಸೇರಿಸಿದ ಕೂಡಲೇ ಸರ್ವರ್ ಮಾಯ!

ಲಿನಕ್ಸ್‌ನಲ್ಲಿ ಬ್ರಿಡ್ಜ್ (ಸಾಫ್ಟ್‌ವೇರ್ ಸ್ವಿಚ್), ಟ್ಯಾಪ್ (ವರ್ಚುವಲ್ ಮಷೀನ್‌ಗೆ ಕೇಬಲ್‌ನಂತಿರುವ ಸಾಧನ), ವಿಲ್ಯಾನ್‌ಗಳನ್ನು (ಒಂದೇ ತಂತಿಯಲ್ಲಿ ಸಂಖ್ಯೆ ಹಾಕಿ ಬೇರ್ಪಡಿಸಿದ ಜಾಲಗಳು) ಕಮಾಂಡ್ ಲೈನ್‌ನಿಂದ ನಡೆಸುವವರು ಕಳಿಸಿದ ಕೆಲವು ಪ್ರಶ್ನೆಗಳು ಈ ಸಲ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಬದಲಾವಣೆ ಮಾಡುವ ಕಮಾಂಡ್‌ಗಳಿಗೆಲ್ಲ ರೂಟ್ ಅನುಮತಿ ಬೇಕು.

ಪ್ರಶ್ನೆ: ದೂರದ ಸರ್ವರ್ ಒಂದರಲ್ಲಿ ವರ್ಚುವಲ್ ಮಷೀನ್‌ಗಳಿಗಾಗಿ ಬಿಆರ್0 ಎಂಬ ಬ್ರಿಡ್ಜ್ ಮಾಡಿದೆ. ಈತ್0 ಕಾರ್ಡನ್ನು ಅದಕ್ಕೆ ಸೇರಿಸಿ ಎಂಟರ್ ಒತ್ತಿದೆ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆದ ಸಂಪರ್ಕ) ಅಲ್ಲೇ ನಿಂತಿತು. ಈತ್0 ಮೇಲಿನ ಐಪಿ ಅಡ್ರೆಸನ್ನು ನಾನು ಮುಟ್ಟಿರಲೇ ಇಲ್ಲ. ಮತ್ತೆ ಯಾಕೆ ಹೀಗಾಯಿತು?

ಉತ್ತರ: ಮುಟ್ಟದೇ ಇದ್ದದ್ದೇ ಕಾರಣ. ಬ್ರಿಡ್ಜ್‌ಗೆ ಸೇರಿದ ಗಳಿಗೆಯಿಂದ ಈತ್0 ಬರೀ ಒಂದು ಸ್ವಿಚ್ ಪೋರ್ಟ್. ಅದಕ್ಕೆ ಬಂದ ಫ್ರೇಮನ್ನು ಕರ್ನಲ್ ಬಾಗಿಲಲ್ಲೇ ಎತ್ತಿ ಬ್ರಿಡ್ಜ್ ಕೈಗೆ ಕೊಡುತ್ತದೆ. ಬ್ರಿಡ್ಜ್ ಇನ್ನೂ 'ಅಪ್' ಆಗಿಲ್ಲದಿದ್ದರೆ ಫ್ರೇಮ್ ಅಲ್ಲಿಗೇ ಮುಗಿಯಿತು. ಅಪ್ ಆಗಿದ್ದರೂ ಪರದಾಟ ತಪ್ಪದು. ನಿಮ್ಮ ರೂಟ್ ಟೇಬಲ್ ಇನ್ನೂ ಈತ್0 ಕಡೆಗೇ ಕೈ ತೋರಿಸುತ್ತಿರುತ್ತದೆ. ಈತ್0 ಮೂಲಕ ಕೇಳಿದ ಎಆರ್‌ಪಿ ಪ್ರಶ್ನೆಗೆ ('ಈ ಐಪಿಯ ಮ್ಯಾಕ್, ಅಂದರೆ ಕಾರ್ಡ್‌ನ ಹಾರ್ಡ್‌ವೇರ್ ಅಡ್ರೆಸ್, ಯಾವುದು?') ಉತ್ತರ ಬಂದು ಇಳಿಯುವುದು ಬಿಆರ್0 ಮೇಲೆ. ಕೇಳಿದವರು ಒಬ್ಬರು, ಉತ್ತರ ಸಿಕ್ಕಿದ್ದು ಇನ್ನೊಬ್ಬರಿಗೆ.

ಬಿಆರ್0 ಎಂಬ ಒಂದೇ ಹೆಸರಿಗೆ ಎರಡು ಪಾತ್ರ ಇದೆ. ಅದೇ ಸ್ವಿಚ್. ಆ ಸ್ವಿಚ್ಚಿಗೆ ಹೋಸ್ಟ್ ಸಿಕ್ಕಿಸಿಕೊಂಡಿರುವ ಕಾರ್ಡ್ ಕೂಡ ಅದೇ. ನಿಜವಾದ ಸ್ವಿಚ್ ಇಟ್ಟಿದ್ದರೆ ಇವೆರಡೂ ಬೇರೆ ಬೇರೆ ವಸ್ತುಗಳಾಗಿ ಕಣ್ಣಿಗೆ ಕಾಣುತ್ತಿದ್ದವು. ಇಲ್ಲಿ ಅಂಟಿಕೊಂಡಿವೆ. ಈ ಅಂಕಣಕ್ಕೆ ಬರುವ ಬಹಳಷ್ಟು ಗೊಂದಲಗಳ ಬೇರು ಇಲ್ಲೇ ಇದೆ, ಕೆಳಗೆ ಮತ್ತೆ ಸಿಗುತ್ತದೆ. ಸದ್ಯಕ್ಕೆ ಇಷ್ಟು ಸಾಕು: ಹೋಸ್ಟ್‌ನ ಐಪಿ ಇರಬೇಕಾದದ್ದು ಹೋಸ್ಟ್‌ನ ಕಾರ್ಡ್ ಮೇಲೆ, ಅಂದರೆ ಬಿಆರ್0 ಮೇಲೆ.

ಈಗ ಕೆಲಸಕ್ಕೆ ಬರೋಣ. ಮೊದಲು ಅಪಾಯವಿಲ್ಲದ ಭಾಗ ಮುಗಿಸಿ. 'ಐಪಿ ಲಿಂಕ್ ಆಡ್ ಬಿಆರ್0 ಟೈಪ್ ಬ್ರಿಡ್ಜ್'. ನಂತರ 'ಐಪಿ ಲಿಂಕ್ ಸೆಟ್ ಬಿಆರ್0 ಅಡ್ರೆಸ್' ಎಂದು ಬರೆದು ಮುಂದೆ ಈತ್0 ಕಾರ್ಡ್‌ನ ಮ್ಯಾಕ್ ಅಡ್ರೆಸನ್ನೇ ಕೊಡಿ. ಆಮೇಲೆ 'ಐಪಿ ಲಿಂಕ್ ಸೆಟ್ ಬಿಆರ್0 ಅಪ್'. ಇಲ್ಲಿಯವರೆಗೆ ಸಂಪರ್ಕಕ್ಕೆ ಏನೂ ಆಗುವುದಿಲ್ಲ.

ಮುಂದಿನ ನಾಲ್ಕು ಹೆಜ್ಜೆ ಒಂದೇ ಉಸಿರಿನಲ್ಲಿ ಆಗಬೇಕು. ಒಂದೊಂದಾಗಿ ಟೈಪ್ ಮಾಡಬೇಡಿ, ಒಂದು ಚಿಕ್ಕ ಸ್ಕ್ರಿಪ್ಟ್ ಫೈಲಿಗೆ ಹಾಕಿ (ಇಲ್ಲಿರುವ ಐಪಿಗಳು ಉದಾಹರಣೆಗೆ, ನಿಮ್ಮವನ್ನು ಬರೆಯಿರಿ):

ಐಪಿ ಅಡರ್ ಫ್ಲಶ್ ಡೆವ್ ಈತ್0
ಐಪಿ ಲಿಂಕ್ ಸೆಟ್ ಈತ್0 ಮಾಸ್ಟರ್ ಬಿಆರ್0
ಐಪಿ ಅಡರ್ ಆಡ್ 192.0.2.10/24 ಡೆವ್ ಬಿಆರ್0
ಐಪಿ ರೂಟ್ ಆಡ್ ಡಿಫಾಲ್ಟ್ ವಯಾ 192.0.2.1

ಕೊನೆಯ ಸಾಲನ್ನು ಮರೆಯುವವರು ಜಾಸ್ತಿ. ಕಾರ್ಡ್ ಮೇಲಿನ ಅಡ್ರೆಸ್‌ಗಳೆಲ್ಲ ಹೋದಾಗ ಆ ಕಾರ್ಡ್ ಹಿಡಿದು ಹೊರಟಿದ್ದ ಡಿಫಾಲ್ಟ್ ರೂಟ್ ಕೂಡ ಜೊತೆಗೇ ಹೋಗುತ್ತದೆ. ಇನ್ನು ಮ್ಯಾಕ್ ಹಳೆಯದನ್ನೇ ಇಟ್ಟಿದ್ದಕ್ಕೂ ಕಾರಣ ಇದೆ. ಗೇಟ್‌ವೇ ತನ್ನ ಎಆರ್‌ಪಿ ಟೇಬಲ್‌ನಲ್ಲಿ ಬರೆದುಕೊಂಡದ್ದು ಹಾಗೇ ಸರಿಯಾಗಿರುತ್ತದೆ. ಐಪಿ ಅದೇ, ಮ್ಯಾಕ್ ಅದೇ. ಹಾಗಾಗಿ ಈಗ ತೆರೆದಿರುವ ಎಸ್‌ಎಸ್‌ಎಚ್ ಕೂಡ ಸಾಮಾನ್ಯವಾಗಿ ಒಮ್ಮೆ ತಡವರಿಸಿ ಮುಂದುವರಿಯುತ್ತದೆ.

ಎಡವಟ್ಟಾದರೆ? ಐಪಿ ಕಮಾಂಡ್‌ನಿಂದ ಮಾಡಿದ್ದೆಲ್ಲ ರೀಬೂಟ್ ಆದರೆ ಅಳಿಸಿಹೋಗುತ್ತದೆ. ಜನ ಇದನ್ನು ದೋಷ ಎಂದು ಬೈಯುತ್ತಾರೆ, ಇಂಥ ಹೊತ್ತಲ್ಲಿ ಅದೇ ವರ. ಶುರು ಮಾಡುವ ಮೊದಲು 'ಶಟ್‌ಡೌನ್ -ಆರ್ +5' ಎಂದು ಕೊಡಿ. ಐದು ನಿಮಿಷದಲ್ಲಿ ಸರ್ವರ್ ತಾನಾಗೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ. ಎಲ್ಲ ಸರಿಹೋದರೆ 'ಶಟ್‌ಡೌನ್ -ಸಿ' ಎಂದು ರದ್ದು ಮಾಡಿ. ಖಾಯಂ ಆಗಿ ಬೇಕಾದ ಸಂರಚನೆಯನ್ನು ಸಿಸ್ಟಂಡಿ-ನೆಟ್‌ವರ್ಕ್‌ಡಿ, ನೆಟ್‌ವರ್ಕ್ ಮ್ಯಾನೇಜರ್ ಅಥವಾ ನೆಟ್‌ಪ್ಲಾನ್, ನಿಮ್ಮಲ್ಲಿ ಯಾವುದಿದೆಯೋ ಅದರಲ್ಲಿ ಬರೆಯಿರಿ. ಆದರೆ ಕೈಯಾರೆ ಮಾಡಿ ನೋಡಿದ ನಂತರ ಬರೆಯಿರಿ.

ಪ್ರಶ್ನೆ: ವರ್ಚುವಲ್ ಮಷೀನ್ ಒಂದನ್ನು ಶುರು ಮಾಡಿದಾಗ ಅಥವಾ ನಿಲ್ಲಿಸಿದಾಗ ಹೋಸ್ಟ್‌ನ ನೆಟ್‌ವರ್ಕೇ ಸ್ವಲ್ಪ ಹೊತ್ತು ಕೈಕೊಡುತ್ತದೆ. ಕೆಲವು ಸಲ ಡಿಎಚ್‌ಸಿಪಿ ಬೇರೆ ಐಪಿ ಕೊಡುತ್ತದೆ.

ಉತ್ತರ: ಬ್ರಿಡ್ಜ್‌ಗೆ ನೀವು ಮ್ಯಾಕ್ ಅಡ್ರೆಸ್ ಕೊಟ್ಟಿಲ್ಲ ಎಂದು ಕಾಣುತ್ತದೆ. ಕೊಡದಿದ್ದರೆ ಅದು ತನ್ನ ಪೋರ್ಟ್‌ಗಳ ಪೈಕಿ ಎಲ್ಲಕ್ಕಿಂತ ಚಿಕ್ಕ ಮ್ಯಾಕ್ ಯಾವುದೋ ಅದನ್ನೇ ತನ್ನದು ಮಾಡಿಕೊಳ್ಳುತ್ತದೆ. ಹೊಸ ಟ್ಯಾಪ್‌ನ ಮ್ಯಾಕ್ ಇನ್ನೂ ಚಿಕ್ಕದಿದ್ದರೆ ಹೋಸ್ಟ್‌ನ ಗುರುತೇ ಬದಲು! ವರ್ಚುವಲ್ ಮಷೀನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ತಾನು ಮಾಡುವ ಟ್ಯಾಪ್‌ಗಳ ಮ್ಯಾಕನ್ನು 'ಎಫ್‌ಇ' ಎಂಬ ದೊಡ್ಡ ಸಂಖ್ಯೆಯಿಂದ ಶುರು ಮಾಡುವುದು ಇದೇ ಕಾಟ ತಪ್ಪಿಸಲು. ಟ್ಯಾಪನ್ನು ನೀವೇ ಮಾಡುವುದಾದರೆ ಆ ರಕ್ಷಣೆ ಇಲ್ಲ. ಮೇಲಿನ ಉತ್ತರದಲ್ಲಿ ಹೇಳಿದಂತೆ ಬಿಆರ್0ಗೆ ಮ್ಯಾಕ್ ಅಡ್ರೆಸ್ ಕೊಟ್ಟುಬಿಡಿ, ಅದು ಮತ್ತೆ ಅಲುಗಾಡುವುದಿಲ್ಲ.

ಪ್ರಶ್ನೆ: ನನಗೆ ಬ್ರಿಡ್ಜ್ ನಡೆಸುವ ಹಳೆಯ ಕಮಾಂಡ್ ಬಿಆರ್‌ಸಿಟಿಎಲ್ ರೂಢಿಯಾಗಿದೆ. ಹೊಸ ಸರ್ವರ್‌ಗಳಲ್ಲಿ ಅದು ಸಿಗುತ್ತಿಲ್ಲ. ಬದಲಿಗೆ ಏನು?

ಉತ್ತರ: ಐಪಿರೂಟ್2 ಎಂಬ ಪ್ಯಾಕೇಜ್‌ನ ಎರಡು ಕಮಾಂಡ್‌ಗಳು, 'ಐಪಿ' ಮತ್ತು 'ಬ್ರಿಡ್ಜ್'. 'ಬಿಆರ್‌ಸಿಟಿಎಲ್ ಆಡ್‌ಇಫ್' ಇದ್ದ ಕಡೆ 'ಐಪಿ ಲಿಂಕ್ ಸೆಟ್ ಈತ್0 ಮಾಸ್ಟರ್ ಬಿಆರ್0'. ಬಿಡಿಸಲು 'ನೋಮಾಸ್ಟರ್'. ಪೋರ್ಟ್‌ಗಳನ್ನು ನೋಡಲು 'ಬ್ರಿಡ್ಜ್ ಲಿಂಕ್'. ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಎಂದು ನೋಡಲು 'ಬ್ರಿಡ್ಜ್ ಎಫ್‌ಡಿಬಿ ಶೋ ಬಿಆರ್ ಬಿಆರ್0'. ಬ್ರಿಡ್ಜ್‌ನ ಒಳವಿವರಕ್ಕೆ 'ಐಪಿ -ಡಿ ಲಿಂಕ್ ಶೋ ಬಿಆರ್0'.

ಇಲ್ಲೊಂದು ಕಿರಿಕಿರಿ. ಆ ಒಳವಿವರದಲ್ಲಿ ಫಾರ್ವರ್ಡ್ ಡಿಲೇ 1500, ಏಜಿಂಗ್ ಟೈಮ್ 30000 ಎಂದು ಕಂಡು ಗಾಬರಿಯಾಗಬೇಡಿ. ಅದು ಸೆಕೆಂಡಿನ ನೂರನೇ ಭಾಗದ ಲೆಕ್ಕ. ಅಂದರೆ 15 ಸೆಕೆಂಡ್, 300 ಸೆಕೆಂಡ್. ನೀವು ಬದಲಿಸುವಾಗಲೂ ಅದೇ ಲೆಕ್ಕದಲ್ಲಿ ಕೊಡಬೇಕು. ಹೀಗೆ ಮಾಡಿದ ಬ್ರಿಡ್ಜ್‌ನಲ್ಲಿ ಎಸ್‌ಟಿಪಿ (ಜಾಲದಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಆಫ್ ಆಗಿರುತ್ತದೆ. ಆನ್ ಮಾಡಿದರೆ ಹೊಸ ಪೋರ್ಟ್ ಕೇಳುವುದಕ್ಕೆ 15, ಕಲಿಯುವುದಕ್ಕೆ 15, ಒಟ್ಟು 30 ಸೆಕೆಂಡ್ ಸುಮ್ನೆ ಕೂರುತ್ತದೆ. ವರ್ಚುವಲ್ ಮಷೀನ್‌ನ ಡಿಎಚ್‌ಸಿಪಿ ಅಷ್ಟರಲ್ಲಿ ಸೋತು ಕೈಬಿಟ್ಟಿರಬಹುದು. ಬ್ರಿಡ್ಜ್‌ನಿಂದ ಹೊರಹೋಗುವ ದಾರಿ ಒಂದೇ ಆಗಿದ್ದರೆ ಸುತ್ತು ಬೀಳುವ ಭಯವಿಲ್ಲ, ಎಸ್‌ಟಿಪಿ ಬೇಡ.

ಪ್ರಶ್ನೆ: ಒಂದೇ ಬ್ರಿಡ್ಜ್‌ನಲ್ಲಿ ಎರಡು ವರ್ಚುವಲ್ ಮಷೀನ್‌ಗಳಿವೆ. ಚೆನ್ನಾಗಿ ಮಾತಾಡಿಕೊಂಡಿದ್ದವು. ಅದೇ ಹೋಸ್ಟ್‌ನಲ್ಲಿ ಡಾಕರ್ (ಕಂಟೇನರ್ ನಡೆಸುವ ಪ್ರೋಗ್ರಾಮ್) ಹಾಕಿದ ಮೇಲೆ ಪಿಂಗ್ ಹೋಗುತ್ತಿಲ್ಲ. ವಿಚಿತ್ರ ಅಂದರೆ ಎಆರ್‌ಪಿ ಸರಿಯಾಗಿ ಸಿಗುತ್ತಿದೆ.

ಉತ್ತರ: ಆ 'ವಿಚಿತ್ರ'ವನ್ನು ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್, ರೋಗ ಅದರಲ್ಲೇ ಗೊತ್ತಾಯಿತು. ಎಆರ್‌ಪಿ ದಾಟುತ್ತಿದೆ ಅಂದರೆ ಬ್ರಿಡ್ಜ್ ಸರಿ ಇದೆ, ಟ್ಯಾಪ್ ಸರಿ ಇದೆ. ಐಪಿ ಪ್ಯಾಕೆಟ್ ಮಾತ್ರ ಸಾಯುತ್ತಿದೆ ಅಂದರೆ ಫೈರ್‌ವಾಲ್ ಕೈವಾಡ.

ಸ್ವಿಚ್ಚಿನೊಳಗೆ ಫೈರ್‌ವಾಲ್ ಹೇಗೆ ಬಂತು ಎನ್ನುತ್ತೀರಾ? ಕರ್ನಲ್‌ನಲ್ಲಿ ಬಿಆರ್_ನೆಟ್‌ಫಿಲ್ಟರ್ ಎಂಬ ಮಾಡ್ಯೂಲ್ ಇದೆ. ಅದು ಲೋಡ್ ಆದರೆ ಬ್ರಿಡ್ಜ್ ಮೂಲಕ ದಾಟುವ ಐಪಿ ಪ್ಯಾಕೆಟ್‌ಗಳೂ ಐಪಿಟೇಬಲ್ಸ್‌ನ ಫಾರ್ವರ್ಡ್ ನಿಯಮಗಳ ಮುಂದೆ ನಿಲ್ಲಬೇಕಾಗುತ್ತದೆ. ಕಂಟೇನರ್ ನಡೆಸುವ ಪ್ರೋಗ್ರಾಮ್‌ಗಳಿಗೆ ಈ ಮಾಡ್ಯೂಲ್ ಬೇಕಾಗುವುದುಂಟು, ಹಾಗಾಗಿ ಲೋಡ್ ಮಾಡಿಸುತ್ತವೆ. ಡಾಕರ್ ಫಾರ್ವರ್ಡ್ ಸರಪಳಿಯ ಮೂಲ ನಿಯಮವನ್ನು 'ಡ್ರಾಪ್' ಎಂದೂ ಬದಲಿಸುತ್ತದೆ. ಎರಡೂ ಕೂಡಿದಾಗ ನಿಮ್ಮ ಮಷೀನ್‌ಗಳಿಗೆ ಏಟು. ಎಆರ್‌ಪಿ ಐಪಿ ಪ್ಯಾಕೆಟ್ ಅಲ್ಲ, ಅದಕ್ಕೇ ಪಾರಾಯಿತು.

'ಸಿಸ್‌ಸಿಟಿಎಲ್ ನೆಟ್.ಬ್ರಿಡ್ಜ್.ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್' ಎಂದು ಕೇಳಿ. 1 ಬಂದರೆ ಅನುಮಾನ ಖಚಿತ. ಆ ಹೆಸರೇ ಇಲ್ಲ ಎಂದರೆ ಮಾಡ್ಯೂಲ್ ಲೋಡ್ ಆಗಿಲ್ಲ, ಬೇರೆ ಕಡೆ ಹುಡುಕಬೇಕು. ಇದನ್ನು 0 ಮಾಡಿಬಿಡಿ ಎಂದು ಕಣ್ಣುಮುಚ್ಚಿ ಹೇಳುವವರು ಸಿಗುತ್ತಾರೆ. ಹೋಸ್ಟ್‌ನಲ್ಲಿ ಬರೀ ವರ್ಚುವಲ್ ಮಷೀನ್‌ಗಳಿದ್ದರೆ ನನ್ನ ತಕರಾರಿಲ್ಲ. ಕಂಟೇನರ್‌ಗಳೂ ಇದ್ದರೆ ಬೇಡ. ಅವುಗಳ ನಿಯಮಗಳಿಗೆ ಈ 1 ಬೇಕಿರಬಹುದು, ಕುಬರ್ನೆಟಿಸ್ ಸಂರಚನೆಗಳಲ್ಲಂತೂ ಇದನ್ನು 1 ಮಾಡಲು ಕೇಳುವುದು ಮಾಮೂಲಿ. ಅದರ ಬದಲು, ಬಳಕೆದಾರರ ನಿಯಮಗಳಿಗೆಂದೇ ಡಾಕರ್ ಬಿಟ್ಟಿರುವ 'ಡಾಕರ್-ಯೂಸರ್' ಸರಪಳಿಯಲ್ಲಿ ಒಂದೇ ಸಾಲು ಸೇರಿಸಿ: 'ಐಪಿಟೇಬಲ್ಸ್ -ಐ ಡಾಕರ್-ಯೂಸರ್ -ಐ ಬಿಆರ್0 -ಒ ಬಿಆರ್0 -ಜೆ ಆಕ್ಸೆಪ್ಟ್'. ಮೊದಲ ಐ ದೊಡ್ಡಕ್ಷರ, ಎರಡನೆಯದು ಸಣ್ಣಕ್ಷರ. ಸರಪಳಿಯ ಹೆಸರು ಮತ್ತು 'ಆಕ್ಸೆಪ್ಟ್' ಪೂರ್ತಿ ದೊಡ್ಡಕ್ಷರದಲ್ಲಿ.

ಪ್ರಶ್ನೆ: ಲ್ಯಾಪ್‌ಟಾಪ್‌ನ ವೈಫೈ ಕಾರ್ಡನ್ನು ಬ್ರಿಡ್ಜ್‌ಗೆ ಸೇರಿಸಲು ಹೋದರೆ 'ಆಪರೇಷನ್ ನಾಟ್ ಸಪೋರ್ಟೆಡ್' ಎನ್ನುತ್ತದೆ. ಡ್ರೈವರ್ ಹಳೆಯದಾ?

ಉತ್ತರ: ಡ್ರೈವರ್ ತಪ್ಪಲ್ಲ. ವೈಫೈ ಆಕ್ಸೆಸ್ ಪಾಯಿಂಟ್ ನಿಮ್ಮ ಕಾರ್ಡ್‌ನ ಒಂದು ಮ್ಯಾಕ್ ಅಡ್ರೆಸ್‌ಗೆ ಮಾತ್ರ ಒಳಗೆ ಬಿಟ್ಟಿರುತ್ತದೆ. ಬ್ರಿಡ್ಜ್ ಹಿಂದೆ ಕೂತ ಮಷೀನ್‌ಗಳ ಮ್ಯಾಕ್ ಅದಕ್ಕೆ ಗೊತ್ತಿಲ್ಲ, ಮಾಮೂಲಿ ವೈಫೈ ಫ್ರೇಮ್‌ನಲ್ಲಿ ಅದನ್ನು ಬರೆಯಲು ಜಾಗವೂ ಇಲ್ಲ. ನಾಲ್ಕು ಅಡ್ರೆಸ್‌ಗಳ ಫ್ರೇಮ್ ಎಂಬ ವಿಧಾನವಿದೆ, ಆದರೆ ಎರಡೂ ಕಡೆ ಒಪ್ಪಬೇಕು. ಒಂದೇ ಕಾರ್ಡ್ ಮೇಲೆ ಹಲವು ಮ್ಯಾಕ್ ಇಡುವ ಮ್ಯಾಕ್‌ವಿಲ್ಯಾನ್‌ಗೂ ಇದೇ ಗತಿ. ಬ್ರಿಡ್ಜ್ ಆಸೆ ಬಿಟ್ಟು ನ್ಯಾಟ್ (ಮಷೀನ್‌ಗಳೆಲ್ಲ ಹೋಸ್ಟ್‌ನ ಐಪಿಯಲ್ಲೇ ಹೊರಹೋಗುವ ವಿಧಾನ) ಮಾಡಿ. ಕಂಟೇನರ್‌ಗಳಾದರೆ ಐಪಿವಿಲ್ಯಾನ್ ನೋಡಿ, ಅದರಲ್ಲಿ ಎಲ್ಲರೂ ಒಂದೇ ಮ್ಯಾಕ್ ಹಂಚಿಕೊಳ್ಳುತ್ತಾರೆ.

ಪ್ರಶ್ನೆ: ಒಂದೇ ಬ್ರಿಡ್ಜ್‌ನಲ್ಲಿ ವಿಲ್ಯಾನ್ 10 ಮತ್ತು 20 ಎರಡನ್ನೂ ನಡೆಸಬಹುದೇ? ಅಥವಾ ವಿಲ್ಯಾನ್‌ಗೊಂದು ಬ್ರಿಡ್ಜ್ ಮಾಡಬೇಕೇ?

ಉತ್ತರ: ಎರಡೂ ನಡೆಯುತ್ತವೆ. ಎರಡು ಮೂರು ವಿಲ್ಯಾನ್ ಇದ್ದರೆ 'ಈತ್0.10' ತರಹದ ಉಪ ಸಾಧನ ಮಾಡಿ, ಅದಕ್ಕೊಂದು ಬ್ರಿಡ್ಜ್ ಮಾಡುವುದೇ ಓದಲು ಸುಲಭ. ಅದಕ್ಕಿಂತ ಜಾಸ್ತಿ ಆದರೆ ಒಂದೇ ಬ್ರಿಡ್ಜ್‌ನಲ್ಲಿ ಫಿಲ್ಟರಿಂಗ್ ಆನ್ ಮಾಡುವುದು ನನಗೆ ಇಷ್ಟ: 'ಐಪಿ ಲಿಂಕ್ ಸೆಟ್ ಬಿಆರ್0 ಟೈಪ್ ಬ್ರಿಡ್ಜ್ ವಿಲ್ಯಾನ್_ಫಿಲ್ಟರಿಂಗ್ 1'.

ಮಷೀನ್ ಕಡೆಯ ಪೋರ್ಟ್‌ಗೆ 'ಬ್ರಿಡ್ಜ್ ವಿಲ್ಯಾನ್ ಆಡ್ ಡೆವ್ ಟ್ಯಾಪ್0 ವಿಐಡಿ 10 ಪಿವಿಐಡಿ ಅನ್‌ಟ್ಯಾಗ್ಡ್'. ಹೊರಗಿನ ಸ್ವಿಚ್ಚಿಗೆ ಹೋಗುವ ಈತ್0ಗೆ ಬರೀ 'ವಿಐಡಿ 10', ಹಾಗೇ 20. ಪ್ರತಿ ಪೋರ್ಟ್ ಮೊದಲಿಗೆ ವಿಲ್ಯಾನ್ 1ರಲ್ಲಿ ಇರುತ್ತದೆ, ಬೇಡದ ಕಡೆ 'ಬ್ರಿಡ್ಜ್ ವಿಲ್ಯಾನ್ ಡೆಲ್' ಎಂದು ತೆಗೆಯಿರಿ. ಇದನ್ನು ಮರೆತರೆ ಬೇರೆ ಬೇರೆ ಇದ್ದೇವೆ ಎಂದುಕೊಂಡ ಮಷೀನ್‌ಗಳ ನಡುವೆ ಒಂದು ಕಿಂಡಿ ಉಳಿದಿರುತ್ತದೆ.

ಎಲ್ಲ ಸರಿ ಮಾಡಿದರೂ ಹೋಸ್ಟ್ ಮಾತ್ರ ವಿಲ್ಯಾನ್ 10ರಲ್ಲಿ ಕಿವುಡಾಗಿದ್ದರೆ, ಮತ್ತೆ ಅದೇ ಎರಡು ಪಾತ್ರದ ಕಥೆ. ಸ್ವಿಚ್ಚಿಗೆ ಹೇಳಿದ್ದೀರಿ, ಹೋಸ್ಟ್‌ನ ಕಾರ್ಡಿಗೆ ಹೇಳಿಲ್ಲ. 'ಬ್ರಿಡ್ಜ್ ವಿಲ್ಯಾನ್ ಆಡ್ ಡೆವ್ ಬಿಆರ್0 ವಿಐಡಿ 10 ಸೆಲ್ಫ್' ಎಂದು ಕೊಡಿ. ಆ 'ಸೆಲ್ಫ್' ಅಂದರೆ ಬಿಆರ್0 ಎಂಬ ಕಾರ್ಡ್. ಅದರ ಮೇಲೆ 'ಬಿಆರ್0.10' ಮಾಡಿ ಐಪಿ ಇಡಿ.

ಪ್ರಶ್ನೆ: ಟ್ಯಾಪ್ ಮಾಡಿ ಅಪ್ ಮಾಡಿದರೂ 'ನೋ-ಕ್ಯಾರಿಯರ್' ಎಂದೇ ತೋರಿಸುತ್ತದೆ.

ಉತ್ತರ: ಇನ್ನೊಂದು ತುದಿಯಲ್ಲಿ ಯಾರೂ ಇಲ್ಲ, ಅಷ್ಟೇ. ಟ್ಯಾಪ್‌ನ ಆ ತುದಿಯನ್ನು ಹಿಡಿಯಬೇಕಾದದ್ದು ಒಂದು ಪ್ರೋಗ್ರಾಮ್. ವರ್ಚುವಲ್ ಮಷೀನ್ ನಡೆಸುವ ಕ್ಯೂಎಮು ಶುರುವಾಗಿ ಅದನ್ನು ತೆರೆದ ಕೂಡಲೇ ಕ್ಯಾರಿಯರ್ ಬರುತ್ತದೆ. ಪ್ರೋಗ್ರಾಮ್ ಇಲ್ಲದೇ ಬರೀ ಪರೀಕ್ಷೆಗೆ ಬೇಕಿದ್ದರೆ ವೀತ್ ಜೋಡಿ (ಒಂದಕ್ಕೊಂದು ಕಟ್ಟಿದ ಎರಡು ವರ್ಚುವಲ್ ಕಾರ್ಡ್) ಮಾಡಿ, ಎರಡೂ ತುದಿ ಅಪ್ ಮಾಡಿ.

ಪ್ರಶ್ನೆ: ಎರಡು ಹೋಸ್ಟ್‌ಗಳ ಬ್ರಿಡ್ಜ್‌ಗಳನ್ನು ವಿಎಕ್ಸ್‌ಲ್ಯಾನ್‌ನಿಂದ ಜೋಡಿಸಿದ್ದೇನೆ. ಪಿಂಗ್ ಹೋಗುತ್ತದೆ. ಫೈಲ್ ಕಳಿಸಿದರೆ ನೇತಾಡುತ್ತದೆ.

ಉತ್ತರ: ಚಿಕ್ಕದು ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ. ಎಂಟಿಯು (ಒಮ್ಮೆಗೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ಲೆಕ್ಕ ತಪ್ಪಿದೆ. ವಿಎಕ್ಸ್‌ಲ್ಯಾನ್ ನಿಮ್ಮ ಫ್ರೇಮನ್ನು ಯುಡಿಪಿ ಪ್ಯಾಕೆಟ್‌ನೊಳಗೆ ತುಂಬುತ್ತದೆ. ಒಳಗಿನ ಈಥರ್ನೆಟ್ ತಲೆಬರಹ 14 ಬೈಟ್, ವಿಎಕ್ಸ್‌ಲ್ಯಾನ್‌ನದು 8, ಯುಡಿಪಿ 8, ಐಪಿವಿ4 20. ಒಟ್ಟು 50. ಹೊರಗಿನ ಎಂಟಿಯು 1500 ಆದರೆ ಒಳಗೆ ಉಳಿಯುವುದು 1450. ವಿಎಕ್ಸ್‌ಲ್ಯಾನ್ ಸಾಧನದಲ್ಲಿ 1450 ಇದ್ದರೂ ಸಾಲದು, ಮಷೀನ್‌ಗಳ ಒಳಗೂ ಅದೇ ಇರಬೇಕು. ನಿಮ್ಮಲ್ಲಿ ತಪ್ಪಿರುವುದು ಬಹುಶಃ ಅಲ್ಲೇ. ಬ್ರಿಡ್ಜ್ ಸ್ವಿಚ್ ಅಲ್ವಾ, ದೊಡ್ಡ ಫ್ರೇಮ್ ಬಂದರೆ ತುಂಡು ಮಾಡುವುದಿಲ್ಲ, 'ದೊಡ್ಡದಾಯ್ತು' ಎಂದು ವಾಪಸ್ ಹೇಳುವುದೂ ಇಲ್ಲ. ಸುಮ್ನೆ ಬಿಸಾಡುತ್ತದೆ.

ಒಂದು ಮಷೀನ್‌ನಿಂದ 'ಪಿಂಗ್ -ಎಂ ಡು -ಎಸ್ 1422' ಎಂದು ಇನ್ನೊಂದಕ್ಕೆ ಕೊಡಿ, ಇಲ್ಲಿ ಎಂ ದೊಡ್ಡಕ್ಷರ. 1422ಕ್ಕೆ 28 ಬೈಟ್ ತಲೆಬರಹ ಸೇರಿ ಸರಿಯಾಗಿ 1450 ಆಗುತ್ತದೆ. ಇದು ಹೋಗಿ 1423 ಹೋಗದಿದ್ದರೆ ಲೆಕ್ಕ ಕೂಡಿತು. ಎರಡು ಹೋಸ್ಟ್‌ಗಳ ನಡುವಿನ ಸ್ವಿಚ್‌ಗಳೆಲ್ಲ ದೊಡ್ಡ ಫ್ರೇಮ್ ಒಪ್ಪುವುದಾದರೆ ಹೊರಗಿನ ಎಂಟಿಯುವನ್ನು 1550ಕ್ಕೆ ಏರಿಸಿ, ವಿಎಕ್ಸ್‌ಲ್ಯಾನ್ ಸಾಧನಕ್ಕೂ ಬ್ರಿಡ್ಜ್‌ಗೂ 1500 ಕೊಡಿ. ಆಗ ಮಷೀನ್‌ಗಳನ್ನು ಮುಟ್ಟುವುದೇ ಬೇಡ.

ಮುಂದೆ ಬೇರೆ ಕಂಪನಿಯ ಸ್ವಿಚ್ ಜೊತೆ ಜೋಡಿಸುವ ಯೋಚನೆ ಇದ್ದರೆ ಸಾಧನ ಮಾಡುವಾಗಲೇ 'ಡಿಎಸ್‌ಟಿಪೋರ್ಟ್ 4789' ಎಂದು ಬರೆಯಿರಿ. ಅದು ಒಪ್ಪಿತ ಪೋರ್ಟ್. ಬರೆಯದಿದ್ದರೆ ಲಿನಕ್ಸ್ ಹಳೆಯ ಅಭ್ಯಾಸದಂತೆ 8472 ಹಿಡಿಯುತ್ತದೆ. ನಡುವಿನ ಫೈರ್‌ವಾಲ್‌ನಲ್ಲೂ ಯಾವ ಪೋರ್ಟ್ ತೆರೆದಿದೆ ಎಂದು ನೋಡಿಕೊಳ್ಳಿ.